ಗುರುವಾರ ಮಂಕಾಗುವ ಪರದೆ

ಏಳನೆಯ ಕಂತು

"ಅದಕ್ಕೆ ಹೊಡೆಯಬೇಡಿ ಮೊರಿಸ್, ಕೈ ತೆಗೆಯಿರಿ," ಎಂದೆ. ಹೇಳುವಷ್ಟರಲ್ಲಿ ಆ ಕೌಂಟರ್ ಗುಮಾಸ್ತನ ಅಂಗೈ ಕಂಪ್ಯೂಟರ್ ಟರ್ಮಿನಲ್ಲಿನ ನೆತ್ತಿಗೆ ಎರಡು ಸಲ ಬಿದ್ದಾಗಿತ್ತು.

"ಹೊಡೆದ್ರೆ ಕೆಲವು ಸಲ ಸರಿ ಆಗ್ತದೆ ಆಳ್ವರೇ. ನಮ್ಮ ಮನೆಯ ರೇಡಿಯೋ ಹಾಗೇ."

ಸರಿ ಆಗಲಿಲ್ಲ. ಹಸಿರು ಅಕ್ಷರಗಳು ಮಂಕಾಗಿ, ಗಾಜಿನಲ್ಲಿ ನನ್ನದೇ ಮುಖ ಕಾಣಿಸಿತು. ನಲವತ್ತಾರು ವರ್ಷದ, ಕೂದಲು ಹಿಂದೆ ಸರಿದ, ಯಾವಾಗಲೂ ಯಾರ ಮೇಲೋ ಸಿಟ್ಟು ಮಾಡಿಕೊಂಡಂತಿರುವ ಮುಖ. ಗೋಡೆಯ ಗಡಿಯಾರದಲ್ಲಿ ಮೂರೂಮುಕ್ಕಾಲು.

ಇದು ಆರನೆಯ ಗುರುವಾರ. ಪಣಂಬೂರಿನ ಪಡುಗಡಲ್ ಶಿಪ್ಪಿಂಗ್ ಏಜೆನ್ಸಿಯ ಕೌಂಟರಿನಲ್ಲಿ ಪ್ರತಿ ಗುರುವಾರ ಪರದೆ ಹೀಗೆ ಮಂಕಾಗುತ್ತದೆ, ಇದು ಯಾರದೋ ಕಿತಾಪತಿ, ಹಿಡಿದುಕೊಡಿ ಎಂದು ಮಾಲೀಕ ಸರ್ವೋತ್ತಮ ಶೆಟ್ಟರು ಮೂರು ವಾರದ ಹಿಂದೆ ನನ್ನನ್ನು ಕರೆಸಿದ್ದರು. ಫಳ್ನೀರಿನಲ್ಲಿ ಹಲ್ಲಿನ ಡಾಕ್ಟರ ಮೇಲಿನ ಮಹಡಿಯಲ್ಲಿ 'ಗುಣಪಾಲ ಆಳ್ವ, ಖಾಸಗಿ ವಿಚಾರಣೆ' ಎಂದು ಬೋರ್ಡು ಹಾಕಿಕೊಂಡವನು ನಾನೇ. ಅದಕ್ಕೂ ಮೊದಲು ಹನ್ನೊಂದು ವರ್ಷ ತಂತಿ ಕಚೇರಿಯಲ್ಲಿ ಯಂತ್ರ ರಿಪೇರಿ ಮಾಡಿದವನು. ಮೇಲಿನವರ ಜೊತೆ ಜಗಳ ಮಾಡಿ ಬಿಟ್ಟು ಬಂದೆ. ಹಾಗಾಗಿ ಯಂತ್ರದ ಮೇಲೂ ಮನುಷ್ಯರ ಮೇಲೂ ಒಟ್ಟಿಗೆ ಸಂಶಯ ಬಂದರೆ ಊರಿನವರಿಗೆ ನನ್ನ ನೆನಪಾಗುತ್ತದೆ.

"ಎಂತ ಉಂಟು ಅಣ್ಣ?"

ಕೌಂಟರಿನ ಆಚೆ ಬದಿಯಿಂದ ಒಂದು ಹೆಣ್ಣುದನಿ. ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ. ತಲೆಯ ಮೇಲೆ ಸೆರಗು, ಕೈಯಲ್ಲಿ ಒಂದು ಚೀಟಿ. ಆ ಚೀಟಿಯನ್ನು ಎಷ್ಟು ಸಲ ಮಡಚಿ ಬಿಡಿಸಿದ್ದಳೋ, ಮಡಿಕೆಗಳಲ್ಲಿ ಕಾಗದ ಹರಿದೇಹೋಗಿತ್ತು.

"ಎಂತ ಇಲ್ಲ. ಕಂಪ್ಯೂಟರ್ ಹೋಗಿದೆ. ಬರುವ ವಾರ ಬನ್ನಿ," ಎಂದ ಮೊರಿಸ್.

"ಹೋದ ವಾರವೂ ಹೋಗಿತ್ತಲ್ಲ."

"ಕರೆಂಟಿನ ದೋಷ ಮಾರಾಯ್ತಿ. ನಾನೆಂತ ಮಾಡುದು?"

ಕರೆಂಟಿನ ದೋಷ ಅಲ್ಲವೆಂದು ನನಗೆ ಗೊತ್ತಿತ್ತು. ಪಕ್ಕದ ಕಾರ್ಖಾನೆಯ ದೊಡ್ಡ ಮೋಟಾರುಗಳು ಶುರುವಾದಾಗ ವೋಲ್ಟೇಜ್ ಇಳಿಯುತ್ತದೆ ಎಂದು ಆಫೀಸಿಗೆ ಆಫೀಸೇ ನಂಬಿತ್ತು. ನಾನು ಸ್ಟೆಬಿಲೈಸರಿಗೆ ಮೀಟರು ಕಟ್ಟಿ ಮೂರು ದಿನ ಕಾದೆ, ಮುಳ್ಳು ಅಲುಗಲಿಲ್ಲ. ಆಮೇಲೆ ಟರ್ಮಿನಲ್ ಪೆಟ್ಟಿಗೆಯ ಹಿಂದಿನ ಬ್ರೈಟ್‌ನೆಸ್ ತಿರುಪಿನ ಮೇಲೆ ಸಂಶಯಪಟ್ಟೆ, ಅದನ್ನು ತಿರುಗಿಸಬಲ್ಲ ಒಬ್ಬನೇ ಒಬ್ಬನೆಂದು ಮೊರಿಸನ ಮೇಲೂ ಪಟ್ಟೆ. ತಿರುಪಿನ ಮೇಲೆ ಕಾಗದದ ಪಟ್ಟಿ ಅಂಟಿಸಿ ಸಹಿ ಹಾಕಿದೆ. ಪಟ್ಟಿ ಹರಿಯಲಿಲ್ಲ, ಪರದೆ ಮಾತ್ರ ಮಂಕಾಯಿತು. ನಿನ್ನೆ ಸಂಜೆ ಯಾರಿಗೂ ಹೇಳದೆ ಕೌಂಟರಿನ ಟರ್ಮಿನಲ್ಲನ್ನು ಒಳಗೆ ಸಾಗಿಸಿ, ಒಳಗಿನದನ್ನು ತಂದು ಇಲ್ಲಿಟ್ಟೆ.

ಅಂದರೆ ಇವತ್ತು ಮಂಕಾದದ್ದು ಬೇರೆಯೇ ಪೆಟ್ಟಿಗೆ. ತಪ್ಪು ಪೆಟ್ಟಿಗೆಯದ್ದಲ್ಲ.

"ಮೊರಿಸ್, ಈಗ ನೀವು ಎಂತ ಟೈಪ್ ಮಾಡಿದ್ದು?"

"ಇವರ ಚೀಟಿಯ ನಂಬರ್."

"ಹೋದ ಗುರುವಾರ?"

"ಅದೇ."

"ಅದರ ಹಿಂದಿನ ಗುರುವಾರ?"

ಮೊರಿಸ್ ತಲೆ ಕೆರೆದುಕೊಂಡ. "ಅದೇ ಆಗಿರಬೇಕು. ಇವರು ಪ್ರತಿ ಗುರುವಾರ ಬರ್ತಾರಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ಮೂರು ವಾರದಿಂದ ಕೇಳ್ತಾ ಇದ್ದೇನೆ ಮಾರಾಯ. ಯಾವ ಹೆಸರು ಹುಡುಕುವಾಗ ಮಂಕಾಗ್ತದೆ ಅಂತ. ಯಾವ ಹೆಸರೂ ಅಲ್ಲ ಅಂತ ಹೇಳಿದ್ರಲ್ಲ ನೀವು."

"ಹೌದಲ್ಲ. ಹೆಸರು ಇಲ್ಲ. ಇವರು ಹೆಸರು ಹೇಳುದಿಲ್ಲ. ನಂಬರ್ ಮಾತ್ರ ಕೊಡುದು."

ಹುಡುಗಿ ತಲೆ ತಗ್ಗಿಸಿದಳು. "ಗಂಡನ ಹೆಸರು ಬಾಯಲ್ಲಿ ಹೇಳುವ ಕ್ರಮ ನಮ್ಮಲ್ಲಿ ಇಲ್ಲ ಅಣ್ಣ. ನನ್ನ ಅಣ್ಣ ಅಬೂಬಕ್ಕರ್ ಇದರಲ್ಲಿ ಅವರ ನಂಬರ್ ಬರ್ದು ಕೊಟ್ಟಿದ್ದಾನೆ."

ಇಬ್ಬರೂ ಸತ್ಯವನ್ನೇ ಹೇಳಿದ್ದರು. ಮೂರ್ಖ ನಾನು. ಹಿಂದಿನ ಗುರುವಾರಗಳಲ್ಲಿ ನಾನು ಪೆಟ್ಟಿಗೆಯ ಹಿಂದೆ ವಯರು ಹಿಡಿದು ಕೂತಿದ್ದೆನೇ ಹೊರತು ಕೌಂಟರಿನ ಆಚೆ ಯಾರು ನಿಂತಿದ್ದಾರೆಂದು ಕತ್ತೆತ್ತಿ ನೋಡಿರಲಿಲ್ಲ. ತಂತಿ ಕಚೇರಿಯಲ್ಲಿ ಕಲಿತ ಚಾಳಿ ಅದು, ಕೆಟ್ಟದ್ದು ಯಂತ್ರವೇ ಎಂದು ಮೊದಲೇ ತೀರ್ಮಾನಿಸಿಬಿಡುವುದು.

ಅವಳನ್ನು ಮಾತಾಡಿಸಿದೆ. ಹೆಸರು ನಾಝಿಮಾ. ಮನೆ ಬೆಂಗ್ರೆಯಲ್ಲಿ. ಗಂಡ ಜನವರಿಯಲ್ಲಿ ಇದೇ ಏಜೆನ್ಸಿಯ ಮೂಲಕ ಪರದೇಶದ ಸರಕಿನ ಹಡಗೊಂದರಲ್ಲಿ ಡೆಕ್ಕಿನ ಕೆಲಸಕ್ಕೆ ಹೋದವನು. ಹದಿನೈದು ದಿನಕ್ಕೊಂದು ಕಾಗದ ಬರೆಯುತ್ತಿದ್ದ. ಬಕ್ರೀದಿಗೆ ಬಂದದ್ದೇ ಕೊನೆಯದು. ಈಗ ಅಕ್ಟೋಬರ್ ಮುಗಿಯುತ್ತ ಬಂತು.

"ಬುಧವಾರ ಹಡಗಿನ ಸುದ್ದಿ ಎಲ್ಲ ಇದರೊಳಗೆ ಹಾಕ್ತಾರಂತೆ. ಅದಕ್ಕೆ ಗುರುವಾರ ಬರ್ತೇನೆ," ಎಂದಳು. ದೋಣಿಯಲ್ಲಿ ಹೊಳೆ ದಾಟಿ, ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸು ಹಿಡಿದು, ನಿಂತುಕೊಂಡೇ ಪಣಂಬೂರಿನವರೆಗೆ ಬರುತ್ತಾಳೆ. "ನನಗೆ ಬೇರೆ ಎಂತ ಬೇಡ ಅಣ್ಣ. ಜೀವ ಉಂಟಾ ಇಲ್ವಾ, ಅಷ್ಟು ಹೇಳಿದ್ರೆ ಸಾಕು."

ಆ ಮಾತಿನಲ್ಲಿ ಅಳು ಇರಲಿಲ್ಲ. ಅತ್ತು ಮುಗಿಸಿ ಬಹಳ ದಿನವಾದವರ ಮಾತು. ನಾನು ಮೊರಿಸನಿಗೆ ಇನ್ನೊಂದು ಸಲ ಗದರಿದೆ.

ಟರ್ಮಿನಲ್ ಆರಿಸಿ ಮತ್ತೆ ಹಾಕಿದೆ. ಬೇರೆ ಯಾರದೋ ನಂಬರ್ ಟೈಪ್ ಮಾಡಿಸಿದೆ. ಅಕ್ಷರಗಳು ನಿಚ್ಚಳ. ಇನ್ನೊಂದು ನಂಬರ್, ಅದೂ ನಿಚ್ಚಳ. ಆಮೇಲೆ ನಾಝಿಮಾಳ ಚೀಟಿಯ ನಂಬರ್ ಒಂದೊಂದೇ ಅಂಕಿಯಾಗಿ ಒತ್ತಿಸಿದೆ.

ಮೊದಲು ಹೆಸರು ಬಂತು. ಅಬ್ದುಲ್ಲ. ಹಡಗಿನ ಹೆಸರು, ಕೆಲಸ, ಹತ್ತಿದ ದಿನ, ಎಲ್ಲ ನಿಚ್ಚಳವಾಗಿ ಬಂದವು. ಕೊನೆಯಲ್ಲಿ 'ವಿಶೇಷ' ಎಂಬ ಸಾಲು. ಅಲ್ಲಿಗೆ ಬಂದದ್ದೇ ಅಕ್ಷರಗಳು ಮಂಕಾದವು. ಅಲ್ಲಿಂದ ಮುಂದೆ ಏನು ಒತ್ತಿದರೂ ಮಂಕೇ.

ತಿಳಿಯದವರಿಗೆ ಒಂದು ಮಾತು. ಇಂಥ ಟರ್ಮಿನಲ್ಲಿಗೆ ಅಕ್ಷರಗಳ ನಡುವೆ ಗುಟ್ಟಾಗಿ ಆಜ್ಞೆ ಕೊಡಬಹುದು, ಇಲ್ಲಿಂದ ಮಂಕಾಗಿ ತೋರಿಸು ಅಂತ. ಆಜ್ಞೆ ಪರದೆಯಲ್ಲಿ ಕಾಣುವುದಿಲ್ಲ, ಅದರ ಪರಿಣಾಮ ಮಾತ್ರ ಕಾಣುತ್ತದೆ. ಮತ್ತೆ ಬೆಳಕು ಮಾಡು ಎಂದು ಇನ್ನೊಂದು ಆಜ್ಞೆ ಕೊಡುವವರೆಗೆ ಅದು ಮಂಕಾಗಿಯೇ ಇರುತ್ತದೆ, ಅಥವಾ ಆರಿಸಿ ಮತ್ತೆ ಹಾಕಬೇಕು. ಯಾರೋ ಈ ಒಂದು ಸಾಲನ್ನು ಮರೆಮಾಡಲು ಹೋಗಿ, ಬೆಳಕನ್ನು ವಾಪಸ್ ತರುವುದನ್ನು ಮರೆತಿದ್ದರು. ಆ ಮರೆವು ಇಲ್ಲದಿದ್ದರೆ ಮಂಕಾದ ಸಂಗತಿ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಸಾಲು ಅಲ್ಲೇ ಇತ್ತು, ಓದಲು ಆಗುತ್ತಿರಲಿಲ್ಲ. ಕೌಂಟರಿನ ಎದುರಿಗೆ ಪಡುವಣ ಕಿಟಕಿ. ಮಧ್ಯಾಹ್ನ ತಿರುಗಿದರೆ ಕಡಲಿನ ಬಿಸಿಲು ನೇರ ಪರದೆಗೇ ಬಡಿಯುತ್ತದೆ.

"ಮೊರಿಸ್, ನಿಮ್ಮ ಕೊಡೆ ಕೊಡಿ."

"ಒಳಗೆ ಕೊಡೆ ಬಿಡಿಸುದಾ?"

"ಕೊಡಿ ಮಾರಾಯ್ರೆ."

ಕಪ್ಪು ಕೊಡೆ ಬಿಡಿಸಿ ಪರದೆಗೆ ಅಡ್ಡ ಹಿಡಿದು ಒಳಗೆ ತಲೆ ತೂರಿಸಿದೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಒಂದು ನಿಮಿಷ ಹಿಡಿಯಿತು. ಆಮೇಲೆ ಒಂದೊಂದೇ ಅಕ್ಷರ ಮೇಲೆ ಬಂತು. ಇಂಗ್ಲಿಷಿನಲ್ಲಿತ್ತು, ಅರ್ಥ ಇಷ್ಟು: ಮೊಂಬಾಸಾದಲ್ಲಿ ಸ್ವಂತ ಇಚ್ಛೆಯಿಂದ ಹಡಗು ಬಿಟ್ಟಿದ್ದಾನೆ. ಊರಿಗೆ ಮರಳುವುದಿಲ್ಲ. ಮನೆಯವರಿಗೆ ತಿಳಿಸಬಾರದೆಂದು ಅವನದೇ ಕೋರಿಕೆ.

ಓದಿಯಾದ ಮೇಲೂ ನಾನು ಕೊಡೆಯೊಳಗಿಂದ ತಲೆ ಹೊರಗೆ ತೆಗೆಯಲಿಲ್ಲ. ಹೊರಗೆ ಅವಳ ಮುಖ ಇತ್ತು.

"ಎಂತ ಬರ್ದಿದೆ ಅಣ್ಣ?"

"ಹತ್ತು ನಿಮಿಷ ಕೂತುಕೊಳ್ಳಿ ತಂಗಿ. ಬರುವ ವಾರ ಬನ್ನಿ ಅಂತ ಇವತ್ತು ಹೇಳುದಿಲ್ಲ. ನಾನು ಈಗ ಬರ್ತೇನೆ."

ಅವಳು ಬೆಂಚಿನ ತುದಿಯಲ್ಲಿ ಕೂತಳು. ನಾನು ಒಳಗಿನ ಕೋಣೆಯ ಕಡೆಗೆ ನಡೆದೆ. ಈ ದಾಖಲೆಗಳಲ್ಲಿ ಹೊಸದಾಗಿ ಒಂದಕ್ಷರ ಸೇರಿಸಲು ಬೇಕಾದ ಗುಟ್ಟಿನ ಪದ ಈ ಕಟ್ಟಡದಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಇದನ್ನು ಮಾಡಿದವರು ಆ ಒಬ್ಬರು ಆಗಿರದಿದ್ದರೆ ಚೆನ್ನಾಗಿತ್ತು ಎಂದು ದಾರಿಯುದ್ದಕ್ಕೂ ಆಸೆಪಟ್ಟೆ.

ಹೆಲನ್ ಕಂಪ್ಯೂಟರ್ ಕೋಣೆಯ ಮುಖ್ಯಸ್ಥೆ. ನಲವತ್ತು ದಾಟಿದ ಹೆಂಗಸು, ಒಬ್ಬಂಟಿ. ಮಾತು ಕಡಿಮೆ. ಈ ಮೂರು ವಾರದಲ್ಲಿ ನನಗೆ ನಾಲ್ಕು ಗಂಟೆಯ ಚಹಾ ತಪ್ಪದೆ ತರಿಸಿಕೊಟ್ಟವಳು ಅವಳೊಬ್ಬಳೇ. ನನಗೆ ಅವಳೆಂದರೆ ಇಷ್ಟವಾಗತೊಡಗಿತ್ತು, ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ಗುರುವಾರ ಬಂತೆಂದರೆ ಇಸ್ತ್ರಿ ಹಾಕಿದ ಅಂಗಿ ತೊಡುತ್ತಿದ್ದೆ. ನನ್ನ ವಯಸ್ಸಿಗೆ ಅದು ನಗೆಪಾಟಲು, ಆದರೂ ತೊಡುತ್ತಿದ್ದೆ.

ಬಾಗಿಲು ಹಾಕಿಕೊಂಡು ಒಳಗೆ ಬಂದೆ. ಅವಳು ಕೀಲಿಮಣೆಯಿಂದ ಕೈ ತೆಗೆದಳು.

"ಅಬ್ದುಲ್ಲನ ಸಾಲು ಓದಿದೆ ಹೆಲನ್ ಬಾಯಿ. ಕೊಡೆ ಹಿಡಿದು."

ಅವಳು ಹೌಹಾರಲಿಲ್ಲ. ಎಷ್ಟೋ ದಿನದಿಂದ ಕಾಯುತ್ತಿದ್ದ ಬಸ್ಸು ಕೊನೆಗೂ ಬಂದ ಹಾಗೆ ಒಂದು ಉಸಿರು ಬಿಟ್ಟಳು. "ಕೂತುಕೊಳ್ಳಿ ಆಳ್ವರೇ."

"ಕೂರುದಿಲ್ಲ. ನೀವೇ ಮಾಡಿದ್ದಾ?"

"ನಾನೇ. ಈ ಯಂತ್ರದ ಒಟ್ಟಿಗೆ ಒಂದು ದಪ್ಪ ಪುಸ್ತಕ ಬಂದಿತ್ತು. ಊಟದ ಹೊತ್ತಿಗೆ ಓದ್ತಿದ್ದೆ. ಮಂಕು ಮಾಡುದು ಹೇಗೆ ಅಂತ ಅದರಲ್ಲಿ ಉಂಟು."

"ಬೆಳಕು ಮಾಡುದು ಹೇಗೆ ಅಂತ ಅದರ ಮರುಪುಟದಲ್ಲೇ ಇರ್ತದೆ."

"ಅಷ್ಟು ಓದಲಿಲ್ಲ," ಎಂದಳು. "ಅದು ಕಡೆಯ ಸಾಲಲ್ವಾ, ಅದರ ನಂತರ ಎಂತ ಇಲ್ಲ ಅಂತ ಗ್ರಹಿಸಿದೆ."

"ಯಾಕೆ?"

"ಶೆಟ್ಟರೇ ಟೆಲೆಕ್ಸ್ ಕಾಗದ ತಂದುಕೊಟ್ರು. ಸೆಪ್ಟೆಂಬರಿನಲ್ಲಿ. ದಾಖಲೆಗೆ ಏರಿಸಿ, ಮನೆಯವರಿಗೆ ಮಾತ್ರ ಹೇಳುದು ಬೇಡ ಅಂದ್ರು. ನಾನು ಏರಿಸಿದೆ. ಮರುದಿನ ಗುರುವಾರ. ಅವಳು ಬಂದು ನಿಂತಿದ್ದಳು." ಹೆಲನ್ ಬಾಗಿಲಿನ ಕಡೆಗೆ ನೋಡಿದಳು. "ಮೊರಿಸ್ ಒಳ್ಳೆಯವನು. ಆದ್ರೆ ಪರದೆಯಲ್ಲಿ ಎಂತ ಬಂತೋ ಅದನ್ನು ಗಟ್ಟಿಯಾಗಿ ಓದ್ತಾನೆ, ಬಸ್ಸಿನ ಬೋರ್ಡು ಓದಿದ ಹಾಗೆ. ಕೌಂಟರಿನಲ್ಲಿ ಹತ್ತು ಜನ ಇರ್ತಾರೆ. ಅವರೆಲ್ಲರ ಎದುರಿಗೆ ಅವಳಿಗೆ, ನಿನ್ನ ಗಂಡನಿಗೆ ನೀನು ಬೇಡ ಅಂತ..."

"ಹಾಗಾದ್ರೆ ಅಳಿಸಿಬಿಡಬಹುದಿತ್ತಲ್ಲ."

"ಅಳಿಸಿದ್ರೆ ಅವನ ಸುದ್ದಿ ಎಲ್ಲಿಯೂ ಇರುದಿಲ್ಲ. ಇರಲಿ, ಆದ್ರೆ ಕಾಣದ ಹಾಗೆ ಇರಲಿ ಅಂತ."

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಆರು ವಾರ ಹೆಲನ್ ಬಾಯಿ. ಆ ಹುಡುಗಿ ಆರು ವಾರ ಬಸ್ಸಿನಲ್ಲಿ ಜೋತುಬಿದ್ದು ಬಂದಿದ್ದಾಳೆ. ಜೀವ ಉಂಟಾ ಇಲ್ವಾ ಅಂತ ಕೇಳಲಿಕ್ಕೆ. ಉತ್ತರ ನಿಮ್ಮ ಕೈಯಲ್ಲಿತ್ತು. ಕೊಡದೆ ಇರಲಿಕ್ಕೆ ನೀವು ಯಾರು?"

ಅವಳು ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿದಳು.

"ಎಪ್ಪತ್ತೆರಡರಲ್ಲಿ ನನಗೆ ನಿಶ್ಚಯ ಆಗಿತ್ತು," ಎಂದಳು. "ಅವನು ಬಹ್ರೈನಿಗೆ ಹೋದ. ನಾಲ್ಕು ವರ್ಷ ಕಾದೆ. ಪ್ರತಿ ಶನಿವಾರ ಒಂದು ಸೀರೆಗೆ ಇಸ್ತ್ರಿ ಹಾಕಿ ಇಡ್ತಿದ್ದೆ, ಆದಿತ್ಯವಾರ ಬಂದುಬಿಟ್ರೆ ಅಂತ. ಅಮ್ಮ ಬೈತಿದ್ಲು. ಆಮೇಲೆ ಎರಡು ಗೆರೆಯ ಕಾಗದ ಬಂತು. ಬೇರೆ ಮದುವೆ ಆಗಿದೆ, ಕ್ಷಮಿಸು ಅಂತ. ಎಲ್ಲರೂ ಹೇಳಿದ್ರು, ಒಳ್ಳೆದಾಯ್ತು, ಗೊತ್ತಾಯ್ತಲ್ಲ, ಇನ್ನು ನೆಮ್ಮದಿ ಅಂತ." ಅವಳು ನನ್ನನ್ನು ನೇರವಾಗಿ ನೋಡಿದಳು. "ನೆಮ್ಮದಿ ಎಲ್ಲಿ ಆಳ್ವರೇ? ಕಾಯುವಾಗ ನನ್ನ ಹತ್ರ ಅವನಿದ್ದ. ಆ ಕಾಗದ ಬಂದ ಮೇಲೆ ಶನಿವಾರ ಎಂತ ಮಾಡಬೇಕು ಅಂತ ನನಗೆ ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ."

ಅವಳ ಕೈ ಹಿಡಿಯಬೇಕೆನಿಸಿತು. ಶನಿವಾರ ನನ್ನ ಜೊತೆ ಕಡಲ ಬದಿಗೆ ನಡೆಯಲು ಬನ್ನಿ ಎನ್ನಬೇಕೆನಿಸಿತು. ನಾನು ಆಡಿದ ಮಾತು ಬೇರೆ.

"ನಿಮಗೆ ಕಾಗದ ಬಂತು. ಅದನ್ನು ಓದಿ ಅಳಲಿಕ್ಕಾದರೂ ಆಯ್ತು. ಅವಳಿಗೆ ಅದೂ ಇಲ್ಲ."

ಅವಳ ಕಣ್ಣು ತುಂಬಿತು. ಮೇಜಿನ ಖಾನೆ ಎಳೆದು, ಮಡಚಿಟ್ಟ ತೆಳ್ಳನೆಯ ಕಾಗದ ತೆಗೆದಳು. "ಅದೇ ಟೆಲೆಕ್ಸ್. ಹರಿದು ಹಾಕಿ ಅಂದಿದ್ರು ಶೆಟ್ಟರು. ನನಗೆ ಮನಸ್ಸು ಬರಲಿಲ್ಲ. ನೀವೇ ಹೇಳಿ ಅವಳಿಗೆ. ಮೆಲ್ಲ ಹೇಳಿ."

ಕಾಗದವನ್ನು ಜೇಬಿಗಿಳಿಸಿದೆ. ಅಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರೆ ನನ್ನ ಸಿಟ್ಟು ಪೂರಾ ಇಳಿದುಹೋಗುತ್ತಿತ್ತು. ಆ ಸಿಟ್ಟು ಇಲ್ಲದೆ ನಾಝಿಮಾಳ ಎದುರಿಗೆ ಹೋಗಲು ನನಗೆ ಧೈರ್ಯವಿರಲಿಲ್ಲ.

ಅವಳನ್ನು ಕೌಂಟರಿನಿಂದ ಎಬ್ಬಿಸಿ ಹೊರಗಿನ ಜಗಲಿಗೆ ಕರೆದುಕೊಂಡು ಹೋದೆ. ಅಲ್ಲಿ ಯಾರೂ ಇರಲಿಲ್ಲ. ಎದುರಿಗೆ ರಸ್ತೆ, ಅದರಾಚೆ ಗಾಳಿಮರಗಳು, ಮರಗಳ ಸಂದಿನಲ್ಲಿ ಕಡಲು.

ಹೇಳಿದೆ. ಸುತ್ತಿ ಬಳಸಲು ನನಗೆ ಬರುವುದಿಲ್ಲ. ಅವರು ಮೊಂಬಾಸಾ ಎಂಬ ಊರಿನಲ್ಲಿ ತಾವಾಗಿಯೇ ಹಡಗಿನಿಂದ ಇಳಿದಿದ್ದಾರಂತೆ, ಊರಿಗೆ ಬರುವುದಿಲ್ಲವಂತೆ, ಮನೆಯವರಿಗೆ ಹೇಳಬೇಡಿ ಅಂದಿದ್ದಾರಂತೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಅವಳು ಕೈಯಲ್ಲಿದ್ದ ಚೀಟಿಯನ್ನು ಮತ್ತೆ ಮಡಚಿದಳು. ಒಂದು ಲಾರಿ ಹೋಯಿತು, ಇನ್ನೊಂದು ಹೋಯಿತು.

"ಇಳಿದಿದ್ದಾರಾ?"

"ಹೌದು."

"ನೆಲಕ್ಕೆ ಇಳಿದಿದ್ದಾರಾ ಅಣ್ಣ? ಅವರ ಕಾಲಲ್ಲಿ?"

"ಹಾಗೆ ಬರ್ದಿದೆ."

"ಜೀವ ಉಂಟಲ್ಲ?"

"ಉಂಟು ತಂಗಿ."

ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. ಅಳುತ್ತಾಳೆಂದುಕೊಂಡೆ. ಅವಳು ನಗುತ್ತಿದ್ದಳು. ಕಣ್ಣೀರು ತನ್ನಷ್ಟಕ್ಕೆ ಇಳಿಯುತ್ತಿತ್ತು, ಅದರ ಪರಿವೆಯೇ ಅವಳಿಗಿರಲಿಲ್ಲ.

"ಅಲ್ಲಾಹು ದೊಡ್ಡವನು," ಎಂದಳು. "ನನ್ನನ್ನು ಬಿಡಲಿ ಅಣ್ಣ. ಬೇರೆ ಮದುವೆ ಆಗಲಿ. ಎಲ್ಲಿಯಾದರೂ ಒಂದು ಕಡೆ ಉಣ್ತಾ ಇದ್ದಾರಲ್ಲ, ಮಲಗ್ತಾ ಇದ್ದಾರಲ್ಲ. ನಮ್ಮ ಮನೆ ಕಡಲಿನ ಹತ್ರವೇ, ಇಲ್ಲಿಂದ ಅಲ್ಲಿಗೆ. ಬಕ್ರೀದಿನ ನಂತರ ನಾನು ಆ ನೀರಿಗೆ ಕಾಲು ಇಡಲಿಲ್ಲ. ಅವರು ಅದರಲ್ಲಿ ಇದ್ದಾರೇನೋ ಅಂತ ಹೆದರಿಕೆ. ಅವರ ಮೈಯನ್ನು ತುಳಿದ ಹಾಗೆ ಆಗ್ತದಲ್ಲ."

ಅವಳು ಗಾಳಿಮರಗಳ ಆಚೆಗೆ, ಕಡಲಿನ ಕಡೆಗೆ ನೋಡಿದಳು.

"ಇವತ್ತು ಹೋಗ್ತೇನೆ. ಮನೆಗೆ ಮುಟ್ಟುವ ಮೊದಲೇ ಹೋಗ್ತೇನೆ," ಎಂದಳು. ಆಮೇಲೆ ಏನೋ ನೆನಪಾಗಿ, "ಯಾವ ದಿನ ಇಳಿದದ್ದು ಅಣ್ಣ? ಅವರ ಉಮ್ಮ ಪಾತುಮ್ಮನಿಗೆ ಹೇಳಬೇಕು. ಅವರು ಮಗ ಸತ್ತಿದ್ದಾನೆ ಅಂತಲೇ ಮಲಗಿಬಿಟ್ಟಿದ್ದಾರೆ."

ತಾರೀಖು ನೋಡಲು ಜೇಬಿನಿಂದ ಟೆಲೆಕ್ಸ್ ತೆಗೆದು ಬಿಡಿಸಿದೆ.

ಹನ್ನೊಂದು ವರ್ಷ ನಾನು ಈ ಕಾಗದಗಳ ನಡುವೆ ಬದುಕಿದವನು. ಲೈನಿನ ಮೂಲಕ ದೂರದ ಯಂತ್ರದಿಂದ ಇಲ್ಲಿನ ಯಂತ್ರಕ್ಕೆ ಬರುವ ಟೆಲೆಕ್ಸಿನಲ್ಲಿ ಕಳುಹಿಸಿದ ಯಂತ್ರದ ಗುರುತು ಇದ್ದೇ ಇರುತ್ತದೆ. ಅದನ್ನು ಮನುಷ್ಯರು ಟೈಪ್ ಮಾಡುವುದಲ್ಲ, ಎರಡು ಯಂತ್ರಗಳು ಒಂದಕ್ಕೊಂದು ಮಾತು ಕೊಟ್ಟ ಕೂಡಲೇ ತಾವಾಗಿ ಒತ್ತುತ್ತವೆ. ಮೇಲೊಂದು ಸಲ, ಕೆಳಗೊಂದು ಸಲ.

ಈ ಕಾಗದದ ಮೇಲ್ತುದಿಯಲ್ಲಿ ಪಡುಗಡಲ್ ಆಫೀಸಿನ ಗುರುತು ಇತ್ತು. ಕೆಳಗೂ ಅದೇ ಇತ್ತು. ಮೊಂಬಾಸಾದ್ದಾಗಲಿ, ಹಡಗಿನ ಕಂಪನಿಯದ್ದಾಗಲಿ ಯಾವ ಗುರುತೂ ಇರಲಿಲ್ಲ. ಕಾಗದ ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದೆ. ಇರಲಿಲ್ಲ.

ಇದು ಎಲ್ಲಿಂದಲೂ ಬಂದದ್ದಲ್ಲ. ಲೈನು ಜೋಡಿಸದೆ, ಇದೇ ಕಟ್ಟಡದ ಮೇಲಿನ ಮಹಡಿಯ ಟೆಲೆಕ್ಸ್ ಕೋಣೆಯಲ್ಲಿ ಕೂತು ಯಾರೋ ಟೈಪ್ ಮಾಡಿದ್ದು. ಆ ಕೋಣೆಯ ಬೀಗದ ಕೈ ಒಂದೇ ಒಂದು, ಅದು ಸರ್ವೋತ್ತಮ ಶೆಟ್ಟರ ಜೇಬಿನಿಂದ ಹೊರಗೆ ಬಂದದ್ದನ್ನು ಈ ಮೂರು ವಾರದಲ್ಲಿ ನಾನು ಕಂಡಿಲ್ಲ. ಅಬ್ದುಲ್ಲ ಹಡಗಿನಿಂದ ಇಳಿದನೆಂದು, ಬದುಕಿದ್ದಾನೆಂದು, ಜಗತ್ತಿನಲ್ಲಿ ಹೇಳಿದ್ದು ಈ ಒಂದು ಕಾಗದ. ಅದನ್ನು ನಂಬಿ ಅವಳಿಗೆ ಈಗಷ್ಟೇ ಹೇಳಿದವನು ನಾನು.

"ಹೇಳಿ ಅಣ್ಣ, ಯಾವ ತಾರೀಖು?"

ನಾಝಿಮಾ ಆಗಲೇ ಜಗಲಿಯ ಮೆಟ್ಟಿಲಿಳಿದಿದ್ದಳು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಕಡಲಿನ ಕಡೆಗೆ ಒಂದು ಹೆಜ್ಜೆ ಇಟ್ಟು, ನನ್ನ ಉತ್ತರಕ್ಕಾಗಿ ತಿರುಗಿ ನಿಂತಿದ್ದಳು.